ಹಿಲ್ಲೆ ಅತ್ತೆ ಕುಡಿಯದ ಕಾಫಿ

ಐಸೆಲ್ ನದಿ ಬೀದಿ,
ನವೆಂಬರ್ ೧೯೭೧

ಹಿಲ್ಲೆ ಅತ್ತೆ,

ಹೇಗಿದ್ದೀರಿ ಎಂದು ಕೇಳಿ ಪತ್ರ ಶುರು ಮಾಡುವುದು ವಾಡಿಕೆ. ನಾನು ಕೇಳುವುದಿಲ್ಲ. ಭಾನುವಾರವೇ ನಿಮ್ಮ ವೃದ್ಧಾಶ್ರಮಕ್ಕೆ ಫೋನ್ ಮಾಡಿ ವಿಚಾರಿಸಿಕೊಂಡಿದ್ದೇನೆ. ಫೋನ್ ಎತ್ತಿದ ನರ್ಸ್ ನಗುತ್ತಲೇ ಮಾತಾಡಿದಳು. "ನಿಮ್ಮತ್ತೆಗೇನ್ರೀ, ಗುಂಡುಕಲ್ಲಿನ ಹಾಗಿದಾರೆ. ಬೆಳಗ್ಗೆಯಿಂದ ಅದೆಷ್ಟು ಕಪ್ ಕಾಫಿ ಕುಡಿದ್ರೋ ಲೆಕ್ಕಾನೇ ಇಲ್ಲ. ನಮ್ಮ ಅಡುಗೆಯವನ್ನ ನೋಡಿ 'ಇವನ ಕೈ ಕೊಲೆಗಾರನ ಕೈ' ಅಂತ ಎಲ್ಲರಿಗೂ ಹೇಳ್ಕೊಂಡು ಬರ್ತಿದಾರೆ. ಆ ಪುಣ್ಯಾತ್ಮನಿಗೆ ಖುಷಿಯೋ ಖುಷಿ, ಪುಸ್ತಕದಲ್ಲಿ ಬರ್ತೀನಿ ಅಂತ."

ನಿಮ್ಮ ಪುಸ್ತಕದಲ್ಲಿ ಬರುತ್ತೇನೆಂದು ಖುಷಿಪಟ್ಟ ಇನ್ನೊಬ್ಬ ಮನುಷ್ಯ ನಮ್ಮಿಬ್ಬರಿಗೂ ಗೊತ್ತು. ನಿಮ್ಮ ತಮ್ಮ, ನನ್ನ ಅಪ್ಪ, ಔಷಧಿ ಅಂಗಡಿಯ ಲುಬ್ಬರ್ಟ್ ವೆಸ್ಸಿಂಕ್. ಈ ಪತ್ರ ಅವನ ಸಲುವಾಗಿ. ಇದನ್ನು ಇಷ್ಟು ವರ್ಷ ಮುಂದೂಡುತ್ತ ಬಂದೆ. ಈಗ ಮುಂದೂಡುವ ಹಾಗಿಲ್ಲ, ಏಕೆಂದರೆ ಊರಿನವರು ಬಂದು ನನ್ನ ಬಾಯಿಂದ ಒಂದು ಉತ್ತರ ಕೇಳಿದ್ದಾರೆ. ಆ ಉತ್ತರ ನನ್ನ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇದೆ.

ಹೋದ ವಾರ ರೂಲೊಫ್ ಬಂದಿದ್ದ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಓದಿದವನು, ಈಗ ಅದೇ ಶಾಲೆಯ ಹೆಡ್‌ಮಾಸ್ಟರ್. ಊರಿನಲ್ಲಿ ಯಾವ ಸಮಿತಿ ಆದರೂ ಅದರಲ್ಲಿ ಅವನಿರುತ್ತಾನೆ. ಕುರ್ಚಿಯ ಅಂಚಿಗೆ ಕುಳಿತು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, "ಡೀನ, ಬರೋ ವಸಂತದಲ್ಲಿ ನಿಮ್ಮತ್ತೆಗೆ ಊರಿಂದ ಸನ್ಮಾನ. ಕೊಲೆ ಅಂದ್ರೆ ಲಂಡನ್ನೇ ಆಗ್ಬೇಕು, ಪ್ಯಾರಿಸ್ಸೇ ಆಗ್ಬೇಕು ಅಂತಿದ್ದ ಕಾಲದಲ್ಲಿ ನಮ್ಮೂರಲ್ಲೇ ಕೊಲೆ ಮಾಡಿಸಿದ ಗಟ್ಟಿಗಿತ್ತಿ! ನಿಮ್ಮ ಮನೆ ಗೋಡೆಗೆ ಒಂದು ಹಿತ್ತಾಳೆ ಫಲಕ ಹಾಕೋಣ ಅಂತಿದೀವಿ. ನೀನು ಹೂಂ ಅಂದ್ರೆ ಆಯ್ತು" ಎಂದ. ಫಲಕದ ಮೇಲೆ ಏನು ಬರೆಯುತ್ತೀರಿ ಎಂದು ಕೇಳಿದೆ. 'ನಮ್ಮ ನಾಡಿನ ಪತ್ತೇದಾರಿ ಕಾದಂಬರಿಯ ಮೊದಲ ಕೊಲೆ ನಡೆದ ಮನೆ.'

"ಈ ಮನೇಲಿ ಯಾವ ಕೊಲೇನೂ ನಡೀಲಿಲ್ಲ, ರೂಲೊಫ್" ಎಂದೆ.

"ಅಯ್ಯೋ, ತಮಾಷೆಗೆ ಕಣೇ. ಎಲ್ಲರಿಗೂ ಗೊತ್ತಿರೋದೇ ಅಲ್ವಾ?"

"ಎಲ್ಲರಿಗೂ ಏನು ಗೊತ್ತು?"

ನಾನು ಬಗ್ಗಿಸಿ ಕೊಟ್ಟ ಕಾಫಿ ಅವನ ಮುಂದೆ ಇತ್ತು. ಅದನ್ನು ನೋಡಿದ, ನನ್ನನ್ನು ನೋಡಿದ, ಪಾಪ, ಒಂದೇ ಸಲಕ್ಕೆ ಎತ್ತಿ ಕುಡಿದು ಬಾಯಿ ಸುಟ್ಟುಕೊಂಡ. ಅವನು ಯಾಕೆ ಹಾಗೆ ಕುಡಿದ ಎಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಕಾಫಿ ಕುಡಿಯುವುದಕ್ಕೂ ಬಿಡುವುದಕ್ಕೂ ಒಂದು ಅರ್ಥ ಬಂದು ಮೂವತ್ತೈದು ವರ್ಷವಾಯಿತು. ಆ ಅರ್ಥ ಕೊಟ್ಟವರು ನೀವು.

ಅತ್ತೆ, ನಾನು ನಿಮ್ಮನ್ನು ಎಷ್ಟು ಪ್ರೀತಿಸುತ್ತಿದ್ದೆ ಎಂದು ಮೊದಲು ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದೆ ಬರೆಯುವುದೆಲ್ಲ ಬರಿಯ ಹಗೆ ಎಂದು ನಿಮಗೆ ಅನ್ನಿಸಬಹುದು. ಬಾಲಕಿಯರ ಶಾಲೆಯಲ್ಲಿ ಫ್ರೆಂಚ್ ಪಾಠ ಮುಗಿಸಿ, ಸೈಕಲ್ಲನ್ನು ನಮ್ಮ ಗೋಡೆಗೆ ಒರಗಿಸಿ ನೀವು ಒಳಗೆ ಬಂದರೆ ಮನೆಗೆ ಒಂದು ಕಳೆ ಬರುತ್ತಿತ್ತು. ನಿಮ್ಮ ಬಾಡಿಗೆ ಕೋಣೆಯಲ್ಲಿ ಚಳಿ ಎಂದು ನಮ್ಮ ಅಡುಗೆಮನೆಯ ಮೇಜಿನ ಮೇಲೆಯೇ ಟೈಪ್‌ರೈಟರ್ ಇಟ್ಟಿದ್ದಿರಿ. ಅಮ್ಮ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರೆ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ನೀವು ಯಾರದೋ ಕತ್ತು ಹಿಸುಕುತ್ತಿದ್ದಿರಿ. ಕೊಲೆ ನಡೆಯುವ ಜಾಗ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ನಾನು ನೆಲದ ಮೇಲೆ ಮಲಗಬೇಕಿತ್ತು. "ಡೀನ, ಹೆಣ ಆಗು ಬಾ" ಎಂದು ಕರೆಯುತ್ತಿದ್ದಿರಿ. ನಾನು ಕಣ್ಣು ಮುಚ್ಚಿ ಕೈಕಾಲು ಚಾಚಿ ಬಿದ್ದುಕೊಂಡರೆ ಅಪ್ಪನ ಅಂಗಡಿಯ ಜಾಡಿಯಿಂದ ಉಪ್ಪುಪ್ಪಾದ ಕಪ್ಪು ಮಿಠಾಯಿ ಸಿಗುತ್ತಿತ್ತು. ಅಮ್ಮನಿಗೆ ಇದು ಸರಿಬರುತ್ತಿರಲಿಲ್ಲ. "ಹಿಲ್ಲೆ, ಮಗೂನ ಹೆಣ ಮಾಡ್ಬೇಡ. ಬೇಕಾದ್ರೆ ನಾನೇ ಮಲಗ್ತೀನಿ, ಹೇಗೂ ಸೊಂಟ ನೋಯ್ತಿದೆ" ಎನ್ನುತ್ತಿದ್ದಳು.

ಆ ದಿನಗಳಲ್ಲಿ ನೀವು ಮಾಡಲು ಹೊರಟಿದ್ದು ಎಷ್ಟು ದೊಡ್ಡ ಕೆಲಸ ಎಂದು ಈಗ ಅರ್ಥವಾಗುತ್ತದೆ. ಆಮ್‌ಸ್ಟರ್‌ಡಾಮಿನ ಪ್ರಕಾಶಕ ನಿಮ್ಮ ಹಸ್ತಪ್ರತಿ ವಾಪಸು ಕಳಿಸಿ, ನಮ್ಮ ದೇಶದಲ್ಲಿ ಸೈಕಲ್ ಕಳ್ಳರಿದ್ದಾರೆಯೇ ಹೊರತು ಕೊಲೆಗಾರರಿಲ್ಲ, ಕತೆಯನ್ನು ಇಂಗ್ಲೆಂಡಿಗೆ ಸಾಗಿಸಿ ಎಂದಿದ್ದನಂತೆ. ನೀವು ಆ ಪತ್ರವನ್ನು ಅಡುಗೆಮನೆಯಲ್ಲಿ ನಾಟಕದ ಹಾಗೆ ಓದಿ ನಗಿಸಿದಿರಿ. "ಏನ್ ಲುಬ್ಬರ್ಟ್, ನಮ್ಮ ಜನಕ್ಕೆ ಕೋಪ ಬರಲ್ವಾ? ಹೊಟ್ಟೆಕಿಚ್ಚು ಇಲ್ವಾ? ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚೋ ಕೈ ಕತ್ತು ಹಿಸುಕಲ್ವಾ?" ಲಾರ್ಡುಗಳಿಲ್ಲದ, ಅರಮನೆಗಳಿಲ್ಲದ ಕತೆ ಬೇಕು, ಕೊಲೆ ಮಾಡುವವನು ಭಾನುವಾರ ಚರ್ಚಿನಲ್ಲಿ ನಮ್ಮ ಪಕ್ಕ ಕೂರುವವನೇ ಆಗಿರಬೇಕು ಎಂದು ಹಟ ಹಿಡಿದಿರಿ. ಇನ್ಸ್‌ಪೆಕ್ಟರ್ ಟೆಬ್ಬೆಯನ್ನು ಕಿರುಗುಟ್ಟುವ ಸೈಕಲ್ಲಿನ ಮೇಲೆ ಹತ್ತಿಸಿ ನಮ್ಮ ಬೀದಿಗೇ ಕಳಿಸಿದಿರಿ.

ಎಲ್ಲದರಲ್ಲೂ ಅಪ್ಪ ನಿಮ್ಮ ಜೊತೆಗಿದ್ದ. ಅಂಗಡಿ ಮುಚ್ಚಿ ಬಂದವನು ಕೋಟು ತೆಗೆಯುವ ಮೊದಲೇ "ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದ. ಯಾವ ಔಷಧಿ ಎಲ್ಲಿ ಮದ್ದಾಗುತ್ತದೆ, ಎಲ್ಲಿಂದ ವಿಷವಾಗುತ್ತದೆ ಎಂದು ನಿಮಗೆ ಹೇಳಿಕೊಟ್ಟವನು ಅವನೇ. ನೀವು ತಪ್ಪು ಬರೆದರೆ ಸಿಟ್ಟಾಗುತ್ತಿದ್ದ. "ಥೂ, ಇಷ್ಟು ಬೇಗ ಯಾರೂ ಸಾಯಲ್ಲ. ಅವನಿಗೆ ಸಾಯೋಕೆ ಸ್ವಲ್ಪ ಟೈಮ್ ಕೊಡೇ!" ಕೊನೆಗೆ ಕೊಲೆಗಾರ ಯಾರಾಗಬೇಕು ಎಂದು ನೀವಿಬ್ಬರೂ ತಲೆ ಕೆಡಿಸಿಕೊಂಡು ಕುಳಿತಿದ್ದಾಗ ಅವನೇ, "ನನ್ನನ್ನ ಮಾಡು. ನನ್ನಂಥ ಪುಕ್ಕಲನ ಮೇಲೆ ಯಾರಿಗೆ ಅನುಮಾನ ಬರುತ್ತೆ?" ಎಂದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಅದಕ್ಕೇ ನಾನು ಪುಸ್ತಕವನ್ನು ದೂರುವುದಿಲ್ಲ. ಪುಸ್ತಕ ನೀವಿಬ್ಬರೂ ಸೇರಿ ಆಡಿದ ಆಟ.

'ಹಗಲು ಎಳೆದ ಪರದೆ' ಬಂದಾಗ ಊರಿಗೆ ಊರೇ ಓದಿತು. ಮುಖಪುಟದ ಮೇಲೆ ಬರಿಯ 'ಎಚ್. ವೆಸ್ಸಿಂಕ್' ಎಂದಿತ್ತು, ಗಂಡಸು ಬರೆದಿದ್ದಾನೆ ಎಂದು ಜನ ತಿಳಿಯಲಿ ಎಂದು. ನಮ್ಮೂರಿನಲ್ಲಿ ಆ ಗುಟ್ಟು ಒಂದು ವಾರವೂ ನಿಲ್ಲಲಿಲ್ಲ. ಶಾಲೆಯವರು, ಹೆಣಗಳ ಬಗ್ಗೆ ಬರೆಯುವ ಹೆಂಗಸು ಹೆಣ್ಣುಮಕ್ಕಳಿಗೆ ಪಾಠ ಹೇಳುವುದು ಹೇಗೆ ಎಂದು ನಿಮ್ಮನ್ನು ಕೆಲಸದಿಂದ ಬಿಡಿಸಿದರು. ಆಮೇಲೆ ನಿಮ್ಮ ಅನ್ನ ಆ ಪುಸ್ತಕದಿಂದಲೇ ಹುಟ್ಟಬೇಕಿತ್ತು. ಅದು ನನಗೆ ಗೊತ್ತು, ಮರೆತಿಲ್ಲ. ಅಪ್ಪ ಮಾತ್ರ ಕೌಂಟರಿನ ಹಿಂದೆ ನಿಂತು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ, "ನೋಡಿ, ಕೊಲೆಗಾರ ನಾನೇ." ಬೇಕರಿಯ ಸ್ಟೀನಾ ಕೆಮ್ಮಿನ ಔಷಧಿ ತೆಗೆದುಕೊಳ್ಳುತ್ತ, "ಏನ್ ಹಾಕಿದೀಯಪ್ಪಾ ಇದರಲ್ಲಿ? ನನ್ನ ಗಂಡನ್ನ ಕೇಳಿ ಕುಡೀತೀನಿ" ಎಂದು ನಗುತ್ತಿದ್ದಳು. ಆಗ ಅದು ತಮಾಷೆಯಾಗಿತ್ತು.

ನಿಮ್ಮ ಟೆಬ್ಬೆ ಆ ಕತೆಯಲ್ಲಿ ಕೊಲೆಗಾರನನ್ನು ಹಿಡಿದದ್ದು ಪರದೆಯಿಂದ. ನಮ್ಮಲ್ಲಿ ಯಾರು ಹಗಲು ಹೊತ್ತು ಬೀದಿಗಿರುವ ಕಿಟಕಿಗೆ ಪರದೆ ಎಳೆಯುತ್ತಾರೆ? ನೋಡುವವರು ನೋಡಲಿ, ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ತೆರೆದಿಟ್ಟೇ ಬಾಳುತ್ತೇವೆ. ಸಾವಾದ ಮನೆಯಲ್ಲಿ ಮಾತ್ರ ಪರದೆ ಎಳೆಯುವುದು. ಕತೆಯ ಔಷಧಿ ಅಂಗಡಿಯವನು ತಾನು ವಿಷ ಹಾಕಿದ ಹೆಂಡತಿಯ ಉಸಿರು ನಿಲ್ಲುವ ಮೊದಲೇ ಎಳೆದುಬಿಟ್ಟ. ಟೆಬ್ಬೆ ಸೈಕಲ್ ನಿಲ್ಲಿಸಿ ಹೇಳಿದ, "ಈ ನಾಡಲ್ಲಿ ಹಗಲಲ್ಲಿ ಪರದೆ ಎಳೆಯೋ ಮನೇಲಿ ಯಾರೋ ಸತ್ತಿರ್ತಾರೆ. ಯಾರೂ ಸತ್ತಿಲ್ಲ ಅಂದ್ರೆ ಯಾರೋ ಸಾಯ್ತಾರೆ ಅಂತ ಅವನಿಗೆ ಗೊತ್ತಿರುತ್ತೆ." ಆ ಸಾಲನ್ನು ಓದಿ ಅಪ್ಪ ಮೇಜು ಗುದ್ದಿ ಶಹಬ್ಬಾಸ್ ಎಂದಿದ್ದ. ಊರಿನ ಮಕ್ಕಳಿಗೂ ಅದು ಬಾಯಿಪಾಠವಾಗಿತ್ತು.

ಮರುವರ್ಷ ಚಳಿಗಾಲದಲ್ಲಿ ಅಮ್ಮನಿಗೆ ಹೊಟ್ಟೆಯ ಗಡ್ಡೆ ಎಂದು ಗೊತ್ತಾಯಿತು. ಮೆಟ್ಟಿಲು ಹತ್ತಲಾಗದೆ ಅವಳ ಮಂಚವನ್ನು ಬೀದಿಯ ಕಡೆಯ ಕೋಣೆಗೆ ತಂದೆವು. ನೀವು ಆಗ ಎರಡನೇ ಪುಸ್ತಕದ ಕೆಲಸಕ್ಕೆ ಆಮ್‌ಸ್ಟರ್‌ಡಾಮಿನಲ್ಲಿದ್ದಿರಿ. ಮುಂದೆ ನಡೆದದ್ದನ್ನು ನೀವು ನೋಡಲಿಲ್ಲ, ನಾನು ನೋಡಿದ್ದೇನೆ. ನಿಮಗೆ ಯಾರೂ ಹೇಳಿರಲಾರರು, ಏಕೆಂದರೆ ಒಂಬತ್ತು ವರ್ಷದ ಹುಡುಗಿಯನ್ನು ಯಾರೂ ಕೇಳಲಿಲ್ಲ.

ಬೀದಿಯಲ್ಲಿ ಹೋಗುವವರೆಲ್ಲ ರೂಢಿಯಂತೆ ಕಿಟಕಿಯೊಳಗೆ ನೋಡಿ ಕೈ ಬೀಸುತ್ತಿದ್ದರು. ಮೊದಮೊದಲು ಅಮ್ಮನೂ ಕೈ ಎತ್ತುತ್ತಿದ್ದಳು. ಆಮೇಲೆ ಅವಳ ಮುಖ ಅವಳದಾಗಿ ಉಳಿಯಲಿಲ್ಲ. ಒಂದು ಬೆಳಗ್ಗೆ ಸ್ಟೀನಾ ಬ್ರೆಡ್ಡಿನ ಬುಟ್ಟಿ ಹಿಡಿದು ಗಾಜಿಗೆ ಮುಖ ಹಚ್ಚಿ ನೋಡಿ, ಬಾಯಿಗೆ ಕೈ ಇಟ್ಟುಕೊಂಡು ಸರಸರ ಹೋದಳು. ಅಮ್ಮ ಗೋಡೆಯ ಕಡೆ ತಿರುಗಿ, "ಲುಬ್ಬರ್ಟ್, ಪರದೆ ಎಳೆದುಬಿಡು. ನನ್ನನ್ನ ಹೀಗೆ ನೋಡ್ಕೊಂಡು ಹೋಗೋದು ಬೇಡ" ಎಂದಳು. ಅಪ್ಪ ಎದ್ದವನು ಅಲ್ಲೇ ನಿಂತ. ಅವನಿಗೆ ನಿಮ್ಮ ಪುಸ್ತಕ ನೆನಪಾಗಿರಬೇಕು. "ಅಲೈಡಾ, ಬೆಳಕು ಬರಲಿ ಬಿಡು" ಎಂದು ಒಂದು ಸಲ ಹೇಳಿ ನೋಡಿದ. ಅವಳು ಅತ್ತಳು. ಅವನು ಪರದೆ ಎಳೆದ. ಅತ್ತೆ, ಅಷ್ಟೇ ನಡೆದದ್ದು. ಹೆಂಡತಿ ಕೇಳಿದಳು, ಗಂಡ ಮಾಡಿದ.

ಫೆಬ್ರವರಿಯಲ್ಲಿ ಅಮ್ಮ ಹೋದಳು. ಮಣ್ಣಿಗೆ ಬಂದವರು ಅಪ್ಪನ ಕೈ ಕುಲುಕಿ, ಹೊರಗೆ ಹೋಗಿ ನಾಲ್ಕು ನಾಲ್ಕು ಜನ ಸೇರಿ ನಿಂತರು. ಪರದೆ ಮೊದಲೇ ಎಳೆದಿತ್ತಲ್ಲ? ಜೀವ ಇರೋವಾಗಲೇ ಎಳೆದಿದ್ದನಲ್ಲ? ಹೊಟ್ಟೆಯ ಗಡ್ಡೆ ಎಂದು ಬರೆದುಕೊಟ್ಟ ಡಾಕ್ಟರು ಅಪ್ಪನ ಜೊತೆ ಇಸ್ಪೀಟು ಆಡುವವರು ಎಂದು ಯಾರಿಗೋ ನೆನಪಾಯಿತು. ಯಾರೂ ಪೊಲೀಸರ ಹತ್ತಿರ ಹೋಗಲಿಲ್ಲ, ಯಾರೂ ಅಪ್ಪನನ್ನು ನೇರವಾಗಿ ಕೇಳಲಿಲ್ಲ. ಕೇಳಿದ್ದರೆ ಅವನು ಉತ್ತರ ಕೊಡುತ್ತಿದ್ದ. ಸುಮ್ಮನೆ, ಔಷಧಿಗೆ ಪಕ್ಕದ ಊರಿಗೆ ಸೈಕಲ್ ತುಳಿಯತೊಡಗಿದರು.

ಮಣ್ಣಾದ ಮರುದಿನ ನೀವು ಮನೆಗೆ ಬಂದಿರಿ. ಈಗ ಬರೆಯುವುದು ನನಗೆ ಕಷ್ಟ. ನೀವು ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಅತ್ತಿರಿ. ಅಪ್ಪ ನೀಲಿ ಎನಾಮಲ್ಲಿನ ಪಾತ್ರೆಯಲ್ಲಿ ಕಾಫಿ ಮಾಡಿ ತಂದ. ಅಮ್ಮ ಹೋದ ಮೇಲೆ ಅವನೇ ಕೈಯಾರೆ ಮಾಡಿದ ಮೊದಲ ಕಾಫಿ. ನಿಮಗೆ ನೀಲಿ ಅಂಚಿನ ಕಪ್ಪು, ಪಕ್ಕದಲ್ಲಿ ಬೇಕರಿಯಿಂದ ಬಂದ ಬಿಸ್ಕತ್ತು. "ಜನರ ಮುಖ ನೋಡ್ಬೇಡ ಡೀನ, ಮುಖ ಎಲ್ಲರೂ ತಿದ್ಕೋತಾರೆ. ಕೈ ನೋಡು" ಎಂದು ನನಗೆ ಹೇಳಿಕೊಟ್ಟವರು ನೀವೇ. ನಾನು ಕೈ ನೋಡುತ್ತಿದ್ದೆ. ನಿಮ್ಮ ಕೈ ಬಿಸ್ಕತ್ತಿಗೆ ಹೋಯಿತು, ತಿಂದಿರಿ. ಮತ್ತೆ ಕಪ್ಪಿಗೆ ಹೋಯಿತು, ಅದರ ಕಿವಿಯನ್ನು ಹಿಡಿದು ಒಂದು ಸುತ್ತು ತಿರುಗಿಸಿತು, ವಾಪಸು ಬಂತು. ಅಪ್ಪ ಏನೋ ಹೇಳುತ್ತಿದ್ದ, ನೀವು ತಲೆ ಆಡಿಸುತ್ತಿದ್ದಿರಿ. ಕಾಫಿಯ ಹಬೆ ನಿಂತಿತು. ಮೇಲೆ ಕೆನೆ ಕಟ್ಟಿತು. "ತಣ್ಣಗಾಯ್ತು ಹಿಲ್ಲೆ, ಬೇರೆ ಕೊಡ್ಲಾ?" ಎಂದು ಅಪ್ಪ ಕೇಳಿದ. "ಬೇಡ, ಈಗ್ತಾನೆ ಕುಡಿದು ಬಂದೆ" ಎಂದಿರಿ.

ದಿನವಿಡೀ ಕಾಫಿಯ ಮೇಲೆ ಬದುಕುವ ನೀವು! ಕುಡಿದು ಬಂದ ಮೇಲೂ ಎರಡು ಕಪ್ಪು ಕುಡಿಯುತ್ತಿದ್ದ ನೀವು! ನೀವು ಹೋದ ಮೇಲೆ ಅಪ್ಪ ಕಪ್ಪನ್ನು ಎತ್ತಿಕೊಂಡು ಬಚ್ಚಲಿನ ಹತ್ತಿರ ತುಂಬ ಹೊತ್ತು ನಿಂತಿದ್ದ. ಕೊನೆಗೆ ಆ ತಣ್ಣನೆಯ ಕಾಫಿಯನ್ನು ಚೆಲ್ಲದೆ ತಾನೇ ಕುಡಿದ. ಅಷ್ಟೂ ಕುಡಿದು, ಕಪ್ಪು ತೊಳೆದು, ಬಟ್ಟೆಯಲ್ಲಿ ಒರೆಸಿ ಶೆಲ್ಫಿನಲ್ಲಿಟ್ಟ. ಆಮೇಲೆ ಮುಂದಿನ ಕೋಣೆಗೆ ಹೋಗಿ ಪರದೆಗಳನ್ನು ಕೊಕ್ಕೆಗಳಿಂದ ಬಿಚ್ಚಿ ತೆಗೆದ. ಮತ್ತೆಂದೂ ಹಾಕಲಿಲ್ಲ.

ನೀವು ದುಃಖದಲ್ಲಿದ್ದಿರಿ, ಗಂಟಲಿನಲ್ಲಿ ಇಳಿಯಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಬಿಸ್ಕತ್ತು ಹೇಗೆ ಇಳಿಯಿತು ಎಂದು ಮನಸ್ಸು ಮತ್ತೆ ಕೇಳುತ್ತದೆ. ನೋಡಿ, ನನ್ನನ್ನೂ ಟೆಬ್ಬೆ ಮಾಡಿಬಿಟ್ಟಿದ್ದೀರಿ.

ಬಾಗಿಲು ಹಾಕಿದ ಮನೆಯಲ್ಲಿ ನಡೆದದ್ದು ನಮ್ಮಲ್ಲೇ ಉಳಿಯುತ್ತಿತ್ತು. ಆದರೆ ನಾವು ಕುಳಿತ ಮುಂದಿನ ಕೋಣೆಯ ಪರದೆ ಆಗ ಅರ್ಧ ಸರಿದಿತ್ತು, ಸ್ಟೀನಾ ಎದುರಿನ ಪಾದಚಾರಿ ದಾರಿಯಲ್ಲಿ ನಿಂತಿದ್ದಳು. ಅಕ್ಕನೇ ತಮ್ಮನ ಕೈಯ ಕಾಫಿ ಮುಟ್ಟಲಿಲ್ಲ ಎಂಬ ಸುದ್ದಿ ಸಂಜೆಗೆ ಊರು ಸುತ್ತಿತು. ಅಲ್ಲಿಯವರೆಗೆ ಅದು ಗಾಳಿಮಾತು. ನೀವು ಕಪ್ಪು ತಿರುಗಿಸಿದ ಮೇಲೆ ಅದಕ್ಕೆ ಸಾಕ್ಷಿ ಸಿಕ್ಕಿತು.

ಆಗಲೂ ಒಂದು ಮಾತು ಸಾಕಿತ್ತು. ಪತ್ರಿಕೆಯವನು ಬಂದು, ಆ ಔಷಧಿ ಅಂಗಡಿಯವನನ್ನು ನಿಜ ಜೀವನದಿಂದ ತೆಗೆದುಕೊಂಡಿದ್ದೀರಂತೆ, ಹೌದೇ ಎಂದು ಕೇಳಿದಾಗ, 'ಅವನು ನನ್ನ ತಮ್ಮ, ಇರುವೆಯನ್ನೂ ಕೊಂದವನಲ್ಲ' ಎಂದಿದ್ದರೆ ಸಾಕಿತ್ತು. ನೀವು ಫೋಟೋಗೆ ಸಿಗರೇಟು ಹಿಡಿದು ನಕ್ಕು, "ಅಡುಗೆಯವರೂ ಕತೆಗಾರರೂ ಒಗ್ಗರಣೆಗೆ ಏನು ಹಾಕಿದೆವು ಅಂತ ಹೇಳೋದಿಲ್ಲ" ಎಂದಿರಿ. ಪುಸ್ತಕ ಮತ್ತೆ ಅಚ್ಚಾಯಿತು. ಪ್ರಕಾಶಕ ಬಾಯಿ ಬಿಡಬೇಡಿ ಎಂದಿದ್ದನೇನೋ. ಕೆಲಸ ಕಳೆದುಕೊಂಡ ಹೆಂಗಸಿಗೆ ಅವನ ಮಾತು ಮೀರುವುದು ಸುಲಭವಲ್ಲ. ಇದನ್ನೂ ಯೋಚಿಸಿದ್ದೇನೆ. ಆದರೂ ನನ್ನ ಸಿಟ್ಟು ಇಳಿಯುವುದಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಶಾಲೆಯಲ್ಲಿ ಸಂತ ನಿಕೋಲಾಸನ ಹಬ್ಬ. ಉಡುಗೊರೆಯ ಜೊತೆ ಹೆಸರಿಲ್ಲದ ಪದ್ಯ ಬರುತ್ತದೆ, ಯಾರಿಗೆ ಬಂತೋ ಅವರೇ ಎದ್ದು ನಿಂತು ಗಟ್ಟಿಯಾಗಿ ಓದಬೇಕು, ತಮ್ಮನ್ನು ಎಷ್ಟೇ ಛೇಡಿಸಿದ್ದರೂ ನಗಬೇಕು. ನನ್ನ ಪೊಟ್ಟಣದಲ್ಲಿ ಸಕ್ಕರೆಯ ಇಲಿ ಇತ್ತು. ಪದ್ಯವನ್ನು ನಾನು ಓದಿದೆ:

"ಕೆಮ್ಮಿಗೊಂದು ಗುಟುಕು ಸಾಕು ಲುಬ್ಬರ್ಟಣ್ಣನ ಮದ್ದು,
ಕೆಮ್ಮೂ ಇಲ್ಲ, ಉಸಿರೂ ಇಲ್ಲ, ಮನೆಯೊಳಗಿಲ್ಲ ಸದ್ದು."

ಎಲ್ಲರೂ ನಕ್ಕರು. ಪದ್ಧತಿಯಂತೆ ನಾನೂ ನಕ್ಕೆ. ಮನೆಗೆ ಬಂದು ಅಪ್ಪ ಏನು ಸಿಕ್ಕಿತು ಎಂದು ಕೇಳಿದಾಗ ಸಕ್ಕರೆಯ ಇಲಿ ತೋರಿಸಿದೆ. ಇಬ್ಬರೂ ಅರ್ಧರ್ಧ ತಿಂದೆವು.

ಯುದ್ಧ ಬಂತು. ಜರ್ಮನರು ಊರು ಹಿಡಿದು, ಕಿಟಕಿಗಳಿಂದ ಒಂದು ಕಿರಣವೂ ಹೊರಗೆ ಬೀಳಬಾರದು ಎಂದು ಆಜ್ಞೆ ಮಾಡಿದರು. ಮನೆಮನೆಗೂ ಕಪ್ಪು ಕಾಗದ ಏರಿತು. ಅಪ್ಪ ಬಾಗಿಲಲ್ಲಿ ನಿಂತು ಬೀದಿಯ ಆ ತುದಿಯಿಂದ ಈ ತುದಿಗೆ ನೋಡಿ, ಎಷ್ಟೋ ವರ್ಷದ ಮೇಲೆ ಹೊಟ್ಟೆ ಹಿಡಿದು ನಕ್ಕ. "ಡೀನ, ನೋಡೇ, ಈಗ ಊರೆಲ್ಲ ಕೊಲೆಗಾರರೇ!" ಕೊನೆಯ ಚಳಿಗಾಲದಲ್ಲಿ ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿನ್ನುತ್ತಿದ್ದಾಗ ಎಲ್ಲರೂ ನಮ್ಮ ಅಂಗಡಿಗೆ ವಾಪಸು ಬಂದರು. ಹೊಟ್ಟೆಗಿಲ್ಲದವರಿಗೆ ವಿಷದ ಭಯವಿರಲಿಲ್ಲ. ಮಕ್ಕಳ ಭೇದಿಗೆ, ಕೆಮ್ಮಿಗೆ ಅಪ್ಪ ಇದ್ದದ್ದನ್ನೆಲ್ಲ ಕೊಟ್ಟ. ಸ್ಟೀನಾಳ ಮೊಮ್ಮಗಳನ್ನು ಉಳಿಸಿದ್ದೂ ಅವನೇ. ಯುದ್ಧ ಮುಗಿದು ಹೊಟ್ಟೆ ತುಂಬಿದ ಮೇಲೆ ಜನರಿಗೆ ಮತ್ತೆ ಪಕ್ಕದ ಊರಿನ ದಾರಿ ನೆನಪಾಯಿತು.

ಅವನ ಹುಟ್ಟುಹಬ್ಬಕ್ಕೆ ನೀವು ಪ್ರತಿ ವರ್ಷ ಬರುತ್ತಿದ್ದಿರಿ, ಅದು ಸತ್ಯ. ಗೋಡೆಗುಂಟ ಸುತ್ತಲೂ ಕುರ್ಚಿ ಹಾಕಿ ಕುಳಿತ ನಾಲ್ಕಾರು ಜನರಲ್ಲಿ ನೀವೇ ದೊಡ್ಡ ಹೆಸರಿನವರು. ನಿಮ್ಮ ಟೆಬ್ಬೆಯನ್ನು ಆಗ ರೇಡಿಯೋದಲ್ಲೂ ಕೇಳುತ್ತಿದ್ದರು. ಅಪ್ಪ ನೀಲಿ ಪಾತ್ರೆ ಹಿಡಿದು ಒಬ್ಬೊಬ್ಬರಿಗೂ ಬಗ್ಗಿಸುತ್ತ ಬರುತ್ತಿದ್ದ. ನಿಮ್ಮ ಹತ್ತಿರ ಬಂದಾಗ ನೀವು ಕಪ್ಪಿನ ಮೇಲೆ ಅಂಗೈ ಇಡುತ್ತಿದ್ದಿರಿ. "ಬೇಡ ಲುಬ್ಬರ್ಟ್, ಈಗ್ತಾನೆ ಕುಡಿದು ಬಂದೆ." ಮುಂದಿನ ವರ್ಷವೂ ಅದೇ ಮಾತು, ಅದರ ಮುಂದಿನ ವರ್ಷವೂ. ಅವನು ಕೇಳುವುದನ್ನು ಬಿಡಲಿಲ್ಲ, ನೀವು ಕೈ ಇಡುವುದನ್ನು ಬಿಡಲಿಲ್ಲ. ನಿಮ್ಮ ಪ್ರತಿ ಪುಸ್ತಕವನ್ನೂ ಅವನು ಓದುತ್ತಿದ್ದ. ವಿಷದ ವಿಷಯದಲ್ಲಿ ತಪ್ಪಿದ್ದರೆ, "ನನ್ನನ್ನ ಒಂದು ಮಾತು ಕೇಳ್ಬಾರ್ದಾ ಇವಳು?" ಎಂದು ಬೇಸರಪಡುತ್ತಿದ್ದ. ಅವನಿಗೆ ಅದೇ ದೊಡ್ಡ ನೋವು ಎನ್ನುವ ಹಾಗೆ.

ನಾನೂ ಹದಿನಾಲ್ಕು ಕಾದಂಬರಿಗಳನ್ನೂ ಓದಿದೆ. ಕೊಲೆಗಾರ ಯಾರು ಎಂದು ತಿಳಿಯಲು ಓದಲಿಲ್ಲ. ಎಲ್ಲಾದರೂ ಒಂದು ಕಡೆ, ಯಾವುದಾದರೂ ಪುಟದ ಮೂಲೆಯಲ್ಲಿ, ಟೆಬ್ಬೆ ಸೈಕಲ್ಲಿನಿಂದ ಇಳಿದು, 'ನಾನೊಮ್ಮೆ ಒಬ್ಬ ನಿರಪರಾಧಿಯನ್ನು ಅನುಮಾನಿಸಿದೆ' ಎನ್ನುತ್ತಾನೇನೋ ಎಂದು ಹುಡುಕಿದೆ. ಅವನು ಎಂದೂ ಹಾಗೆ ಅನ್ನಲಿಲ್ಲ. ನಿಮ್ಮ ಟೆಬ್ಬೆಗೆ ಯಾವ ಪುಸ್ತಕದಲ್ಲೂ ತಪ್ಪಾಗಲಿಲ್ಲ.

ಅಪ್ಪ ಹೋದಾಗ, ಅದೂ ನಿಮಗೆ ನೆನಪಿರಬೇಕು, ಮಣ್ಣು ಮಾಡಿ ಬಂದವರಿಗೆ ಚರ್ಚಿನ ಹಿಂದಿನ ಕೋಣೆಯಲ್ಲಿ ಕಾಫಿ, ಕೇಕು ಇಟ್ಟಿದ್ದೆ. ಕಾಫಿ ಮಾಡಿದವಳು ಸ್ಟೀನಾಳ ಸೊಸೆ. ನೀವು ಕಪ್ಪಿನ ಮೇಲೆ ಕಪ್ಪು ಕುಡಿದಿರಿ. ನಾನು ಗೋಡೆಗೆ ಒರಗಿ ನಿಂತು ನಿಮ್ಮ ಕೈಯನ್ನೇ ನೋಡುತ್ತಿದ್ದೆ. ಆ ಗಳಿಗೆಯಲ್ಲಿ ನಿಮ್ಮನ್ನು ದ್ವೇಷಿಸಿದೆ. ಅಲ್ಲಿಂದ ಈಚೆಗೆ ನಿಮಗೆ ಕ್ರಿಸ್‌ಮಸ್ಸಿಗೆ ಒಂದು ಕಾರ್ಡು, ನರ್ಸಿಗೆ ಒಂದು ಫೋನು, ಇಷ್ಟೇ ಆಗಿದೆ ನಮ್ಮ ಸಂಬಂಧ. ಯಾರಾದರೂ ನನಗೆ ಕಾಫಿ ಕೊಟ್ಟರೆ ಮೊದಲು ಕೊಟ್ಟವರ ಕೈ ನೋಡಿಯೇ ಕುಡಿಯುವುದು ಇಂದಿಗೂ ನನ್ನ ಅಭ್ಯಾಸ. ಇದು ನಿಮ್ಮಿಂದ ನನಗೆ ಬಂದ ಆಸ್ತಿ.

ಈಗ ರೂಲೊಫ್‌ಗೆ ಏನು ಹೇಳಲಿ? ಆ ಫಲಕ ಗೋಡೆಗೆ ಬಂದರೆ ಊರು ಪಿಸುಗುಟ್ಟಿದ್ದನ್ನು ನಾನೇ ಹಿತ್ತಾಳೆಯಲ್ಲಿ ಕೆತ್ತಿಸಿ ಬಾಗಿಲಿಗೆ ಹೊಡೆದ ಹಾಗೆ. ಬರುವ ಹೋಗುವವರು ನಿಂತು ಓದಿ, ತೆರೆದ ಕಿಟಕಿಯೊಳಗೆ ಇಣುಕಿ ಹೋಗುತ್ತಾರೆ. ಬೇಡವೆಂದರೆ, ಅಪ್ಪ ಹೆಮ್ಮೆಪಟ್ಟ ಆಟವನ್ನು, ನಿಮ್ಮಿಬ್ಬರ ಆ ನಗುವನ್ನು ನಾನೇ ಅಳಿಸಿದ ಹಾಗೆ. ಎರಡಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ನೀವು ಅವನನ್ನು ಅನುಮಾನಿಸಿದಿರೋ ಇಲ್ಲವೋ, ಅದು ಗೊತ್ತಾಗದೆ ನನ್ನ ಬಾಯಿಂದ ಹೂಂ ಬರುವುದಿಲ್ಲ, ಊಹೂಂ ಕೂಡ ಬರುವುದಿಲ್ಲ.

ನಿಮ್ಮನ್ನು ನೇರವಾಗಿ ಕೇಳಬಹುದು. ಆದರೆ ನೀವು ಮಾತಿನಲ್ಲಿ ಬದುಕಿದವರು, ನನಗೆ ಬೇಕಾದ ಉತ್ತರವನ್ನು ಚೆಂದವಾಗಿ ಕಟ್ಟಿ ಕೊಡುತ್ತೀರಿ. ನನಗೆ ಮಾತು ಬೇಡ.

ಅಪ್ಪ ಕೊನೆಯ ದಿನಗಳಲ್ಲಿ ಮುಂದಿನ ಕೋಣೆಯಲ್ಲೇ ಮಲಗಿದ್ದ, ಅಮ್ಮ ಮಲಗಿದ್ದ ಜಾಗದಲ್ಲೇ. ಕಿಟಕಿ ಪೂರ್ತಿ ತೆರೆದಿತ್ತು. ಸೊರಗಿದ ಮುಖವನ್ನು ಬೀದಿಯವರೆಲ್ಲ ನೋಡಲಿ ಎಂದು ದಿಂಬಿಗೆ ಒರಗಿ ಕೂರಿಸು ಎನ್ನುತ್ತಿದ್ದ. ಒಂದು ಮಧ್ಯಾಹ್ನ ಕಣ್ಣು ಬಿಟ್ಟು, "ಹಿಲ್ಲೆ ಬಂದ್ರೆ ಕಾಫಿ ಕೇಳೋದು ಬಿಡ್ಬೇಡ" ಎಂದ. ಅತ್ತೆ ಕುಡಿಯಲ್ಲವಲ್ಲಪ್ಪ ಎಂದೆ. "ಕೊಲೆಗಾರ ನಾನೇ ಅಂತ ಅವಳಿಗೆ ಕತೆ ಕೊಟ್ಟೋನು ನಾನಲ್ವಾ? ನಂಬಿಬಿಟ್ಲು, ಪಾಪ. ಅವಳಿಗೂ ಆ ಕತೆಯಿಂದ ಹೊರಗೆ ಬರೋಕೆ ಆಗ್ತಿಲ್ಲ. ಕೇಳ್ತಾ ಇರು. ಒಂದಲ್ಲಾ ಒಂದು ದಿನ ಕುಡೀತಾಳೆ" ಎಂದ. ನಿಮ್ಮನ್ನು ಪಾಪ ಎಂದ, ಅತ್ತೆ. ಈ ಮಾತನ್ನು ನಿಮಗೆ ತಲುಪಿಸಬಾರದೆಂದು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದೆ. ನಿಮಗೆ ಅಷ್ಟು ಸುಲಭದಲ್ಲಿ ಬಿಡುಗಡೆ ಸಿಗಬಾರದು ಎಂದು.

ಬುಧವಾರ ಬರುತ್ತೇನೆ. ಬೆಳಗಿನ ಬಸ್ಸು ಹಿಡಿದು, ಆ ನೀಲಿ ಪಾತ್ರೆಯನ್ನೂ ನೀಲಿ ಅಂಚಿನ ಕಪ್ಪನ್ನೂ ಬಟ್ಟೆಯಲ್ಲಿ ಸುತ್ತಿ ತರುತ್ತೇನೆ. ಪಾತ್ರೆಯ ಎನಾಮಲ್ ಅಲ್ಲಲ್ಲಿ ಎದ್ದಿದೆ, ಮುಚ್ಚಳ ಈಗಲೂ ಸರಿಯಾಗಿ ಕೂರುತ್ತದೆ. ನಿಮ್ಮ ಆಶ್ರಮದ ಒಲೆಯ ಮೇಲೆ, ನಿಮ್ಮ ಕೊಲೆಗಾರ ಅಡುಗೆಯವನ ಪಕ್ಕದಲ್ಲಿ ನಿಂತು, ಅಪ್ಪ ಮಾಡುತ್ತಿದ್ದ ಹಾಗೆಯೇ ಕಾಫಿ ಮಾಡುತ್ತೇನೆ. ನಿಮ್ಮ ಮುಂದಿಟ್ಟು ಕೂರುತ್ತೇನೆ. ನಾನು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ, ನೀವು ಯಾವ ಕಾರಣವನ್ನೂ ಕೊಡಬೇಡಿ. ನಿಮ್ಮ ಮುಖವನ್ನು ನಾನು ನೋಡುವುದಿಲ್ಲ. ಕೈ ನೋಡುತ್ತೇನೆ.

ನೀವು ಕುಡಿದರೆ ಫಲಕ ಬರಲಿ, ಅದರ ಮೇಲೆ ಅಪ್ಪನ ಹೆಸರೂ ಬರಲಿ. ಏನು ಬರೆಯಬೇಕೆಂದು ನೀವೇ ಹೇಳಿ ಬರೆಸಿ. ಕುಡಿಯದಿದ್ದರೆ ಕಪ್ಪನ್ನು ನಾನು ಎತ್ತಿಕೊಳ್ಳುತ್ತೇನೆ, ಅಪ್ಪನ ಹಾಗೆ ತಣ್ಣಗಾದದ್ದನ್ನು ನಾನೇ ಕುಡಿದು, ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಬರುತ್ತೇನೆ. ಮುಂದಿನ ಬುಧವಾರ ಮತ್ತೆ ತರುತ್ತೇನೆ. ಕೇಳುತ್ತಿರು ಎಂದು ಅಪ್ಪ ಹೇಳಿದ್ದಾನೆ.

ಅಂದು ಒಂದು ದಿನ ಮಾತ್ರ, ಅತ್ತೆ, ನಾನು ಬರುವ ಮೊದಲು ಯಾರ ಕೈಯ ಕಾಫಿಯನ್ನೂ ಕುಡಿಯಬೇಡಿ. ಬುಧವಾರದವರೆಗೆ ದೇವರು ನಿಮ್ಮನ್ನು ಕಾಪಾಡಲಿ, ನಿಮ್ಮ ಬಾಯಾರಿಕೆಯನ್ನೂ ಕಾಪಾಡಲಿ.

ಲುಬ್ಬರ್ಟನ ಮಗಳು,
ಡೀನ